ಕಣ್ಣಿನ ಸಾಕ್ಷ್ಯಕ್ಕೆ ಒಂದು ಪಿರಿಯಡ್

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಪ್ರೌಢಶಾಲೆಯ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಚಿತ್ರಕಲೆಯ ಪಿರಿಯಡ್. ಶಾಲೆ ರಾಯಚೂರು ನಗರದ್ದಿರಲಿ, ಮಾನ್ವಿಯದ್ದಿರಲಿ, ದೇವದುರ್ಗದ ಯಾವುದೋ ಹಳ್ಳಿಯದ್ದಿರಲಿ, ಗಣಿತದ ಮಾಸ್ತರು ಆ ಹೊತ್ತನ್ನು ಕೇಳಿದರೆ ಕೊಡಲಾರೆ ಎನ್ನುವ ಮುಖ್ಯಗುರುಗಳು ವಿರಳ. ಚಿತ್ರಕಲಾ ಶಿಕ್ಷಕರೇ ಇಲ್ಲದ ಶಾಲೆಗಳಲ್ಲಂತೂ ಮಾಯವಾಗಲು ಪಿರಿಯಡ್ಡೂ ಇರುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು: 625 ಅಂಕಗಳ ಲೆಕ್ಕದಲ್ಲಿ ಚಿತ್ರಕ್ಕೆ ಒಂದು ಅಂಕದ ಪಾಲೂ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾ ಶಿಕ್ಷಣ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. 2020ರ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನಗಳ ನಡುವೆ ಗೋಡೆ ಬೇಡವೆಂದಿತು. ಕಾಗದದ ಮೇಲಿನ ಈ ಮಾತುಗಳಿಗೂ ಫೆಬ್ರುವರಿಯ ವೇಳಾಪಟ್ಟಿಗೂ ಸಂಬಂಧ ಕಡಿಮೆ. ಇದನ್ನು ನಾವು ಸಾಮಾನ್ಯವಾಗಿ ಆಡಳಿತದ ಸಮಸ್ಯೆಯಾಗಿ ನೋಡುತ್ತೇವೆ. ಹುದ್ದೆ ಭರ್ತಿ, ಅನುದಾನ, ಬಣ್ಣದ ಡಬ್ಬಿ ಎಂದು ಮಾತಾಡಿ ಮುಗಿಸುತ್ತೇವೆ. ಆದರೆ ಅದರ ಬುಡದಲ್ಲಿರುವುದು ತತ್ವಶಾಸ್ತ್ರದ ಪ್ರಶ್ನೆ. ನೋಡುವುದೂ ಒಂದು ಬಗೆಯ ತಿಳಿವೇ? ತಿಳಿವಾದರೆ, ಓದು ಬರಹದಂತೆ ಅದನ್ನೂ ಕಲಿಸಬೇಕೇ, ಅಥವಾ ಕಣ್ಣಿದ್ದವರಿಗೆಲ್ಲ ಅದು ತಾನಾಗಿ ದಕ್ಕುತ್ತದೆಯೇ?

ಈ ಪ್ರಶ್ನೆಯನ್ನು ಕೇಳಲು ರಾಯಚೂರು ಸೀಮೆಗಿಂತ ಯೋಗ್ಯ ಜಾಗ ಸಿಗುವುದು ಕಷ್ಟ. ಹರಿದಾಸ ಪರಂಪರೆ ಎರಡನೆಯ ಬಾರಿಗೆ ಚಿಗುರಿದ್ದು ಇಲ್ಲಿ. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಮಧ್ವಾಚಾರ್ಯರ ತತ್ವವಾದವನ್ನು ಭಾಮಿನಿ ಷಟ್ಪದಿಗೆ ಇಳಿಸಿ ‘ಹರಿಕಥಾಮೃತಸಾರ’ ಬರೆದರು. ಸಂಸ್ಕೃತ ಬಲ್ಲವರ ಸ್ವತ್ತಾಗಿದ್ದ ಪ್ರಮಾಣ ವಿಚಾರ ಹಾಗೆ ಕನ್ನಡದಲ್ಲಿ ಹಾಡಿಕೊಳ್ಳುವವರ ಬಾಯಿಗೆ ಬಂತು. ಆ ವಿಚಾರದ ಪ್ರಕಾರ ತಿಳಿವಿಗೆ ದಾರಿ ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಇವುಗಳಲ್ಲಿ ಪ್ರತ್ಯಕ್ಷವೇ ಉಪಜೀವ್ಯ, ಅಂದರೆ ಉಳಿದವು ಅದನ್ನು ನೆಮ್ಮಿ ಬದುಕುತ್ತವೆ. ಶಾಸ್ತ್ರವನ್ನು ಕೇಳುವುದೂ ಕಿವಿಯಿಂದಲೇ ತಾನೇ? ಹೀಗಾಗಿ ಪ್ರತ್ಯಕ್ಷ ಗಟ್ಟಿಯಾಗಿ ತೋರಿಸಿದ್ದನ್ನು ಶಾಸ್ತ್ರವಾಕ್ಯದ ಬಲದಿಂದ ಅಳಿಸುವಂತಿಲ್ಲ ಎಂಬುದು ಮಧ್ವರ ಪಟ್ಟು. ಜಗತ್ತು ಮಿಥ್ಯೆ ಎನ್ನುವವರ ಎದುರು ಅವರು ಹಿಡಿದ ಮೊದಲ ಆಯುಧವೇ ಇದು. ಈ ಮೂರು ಪ್ರಮಾಣಗಳನ್ನು ಇಟ್ಟುಕೊಂಡು ಇಂದಿನ ಪ್ರೌಢಶಾಲೆಯ ದಿನವನ್ನು ಒಮ್ಮೆ ಅಳೆಯಿರಿ. ಭಾಷೆ, ಸಮಾಜ ವಿಜ್ಞಾನಗಳು ಬಹುಪಾಲು ಆಗಮ: ಪುಸ್ತಕ ಹೇಳಿದ್ದನ್ನು ನಂಬುವುದು. ಗಣಿತ ಅನುಮಾನ: ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತರ್ಕದಿಂದ ಪಡೆಯುವುದು. ವಿಜ್ಞಾನ ಪ್ರತ್ಯಕ್ಷವಾಗಬೇಕಿತ್ತು, ಪ್ರಯೋಗಾಲಯದ ಬೀಗ ತೆಗೆಯದ ಕಡೆ ಅದೂ ಆಗಮವಾಗಿದೆ; ಹೂವಿನ ಭಾಗಗಳನ್ನು ಹೂವು ನೋಡದೆ ಹೆಸರಿಸಿ ಪೂರ್ಣ ಅಂಕ ಪಡೆಯಬಹುದು. ವಿದ್ಯಾರ್ಥಿ ತನ್ನ ಕಣ್ಣಿನ ಸಾಕ್ಷ್ಯಕ್ಕೆ ತಾನೇ ಹೊಣೆಯಾಗಿ ನಿಲ್ಲಬೇಕಾದ ಪಿರಿಯಡ್ ಒಂದೇ, ಅದು ಚಿತ್ರಕಲೆ. ಅದನ್ನು ಕೈಬಿಟ್ಟ ಶಾಲೆ ಒಂದು ಹವ್ಯಾಸವನ್ನು ಕೈಬಿಟ್ಟಿತು ಎನ್ನುವುದು ತಪ್ಪು ಲೆಕ್ಕ. ಮೂರು ಪ್ರಮಾಣಗಳಲ್ಲಿ ಅಡಿಪಾಯದ ಒಂದನ್ನು ಕಲಿಸದೆ ಬಿಟ್ಟಿತು ಎನ್ನಬೇಕು. ಈ ಬರಹದ ವಾದ ಇಷ್ಟೇ.

ವಾದವನ್ನು ತರಗತಿಯೊಳಗೆ ಇಟ್ಟು ನೋಡೋಣ. ಡ್ರಾಯಿಂಗ್ ಮಾಸ್ತರು ಮೇಜಿನ ಮೇಲೆ ಒಂದು ಹಿತ್ತಾಳೆ ತಂಬಿಗೆ ಇಟ್ಟು ಬರೆಯಿರಿ ಎನ್ನುತ್ತಾರೆ. ಎಂಟನೆಯ ತರಗತಿಯ ಹುಡುಗ ಸಾಮಾನ್ಯವಾಗಿ ಮಾಡುವ ತಪ್ಪು ಯಾವುದೆಂದರೆ, ತಂಬಿಗೆಯ ಬಾಯನ್ನು ಪೂರ್ತಿ ದುಂಡಗೆ ಬರೆದು, ತಳವನ್ನು ಗೆರೆ ಎಳೆದಂತೆ ನೇರ ಬರೆಯುವುದು. ಬಾಯಿ ದುಂಡಗಿದೆ ಎಂದು ಅವನಿಗೆ ಗೊತ್ತು. ತಂಬಿಗೆ ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದೂ ಗೊತ್ತು. ಗೊತ್ತಿದ್ದನ್ನು ಬರೆದ, ಕಂಡದ್ದನ್ನು ಬರೆಯಲಿಲ್ಲ. ಅವನು ಕೂತ ಬೆಂಚಿನಿಂದ ಆ ಬಾಯಿ ಕಾಣುವುದು ಅಗಲಕ್ಕೆ ಚಾಚಿದ ಮೊಟ್ಟೆಯಾಕಾರದಲ್ಲಿ. ತಳದ ಅಂಚು ಮುಂದಕ್ಕೆ ಬಾಗಿದೆ, ಮತ್ತು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಬಾಯಿಗಿಂತ ಹೆಚ್ಚು ಬಾಗಿದೆ. ಮೊದಲ ಬೆಂಚಿನವನಿಗೂ ಕೊನೆಯ ಬೆಂಚಿನವಳಿಗೂ ಆ ಬಾಗು ಒಂದೇ ಅಲ್ಲ. ಮಾಸ್ತರು ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅಗಲ ಎತ್ತರ ಅಳೆಯುವುದನ್ನು ತೋರಿಸುತ್ತಾರೆ. ಆ ಗಳಿಗೆಯಲ್ಲಿ ಹುಡುಗನ ಒಳಗೆ ಎರಡು ತಿಳಿವುಗಳು ಎದುರುಬದುರಾಗುತ್ತವೆ: ಕೇಳಿ, ಬಳಸಿ ಗೊತ್ತಾದದ್ದು ಒಂದು; ಈಗ, ಇಲ್ಲಿಂದ, ಈ ಬೆಳಕಿನಲ್ಲಿ ಕಾಣುವುದು ಇನ್ನೊಂದು. ರಬ್ಬರಿನಿಂದ ದುಂಡನೆಯ ಬಾಯನ್ನು ಅಳಿಸಿ ಅವನು ಮತ್ತೆ ನೋಡಿದಾಗ ನಡೆಯುವುದು ಕೈಚಳಕದ ಕಲಿಕೆಯಷ್ಟೇ ಆಗಿರುವುದಿಲ್ಲ. ಕೇಳಿದ ಮಾತನ್ನು ತಾನೇ ಪರೀಕ್ಷೆಗೆ ಒಡ್ಡಬಹುದು ಎಂಬುದು ಅವನಿಗೆ ಬಹುಶಃ ಮೊದಲ ಬಾರಿ ತಿಳಿದಿರುತ್ತದೆ.

ಇಲ್ಲಿ ಚುರುಕಾದ ಓದುಗರು ಒಂದು ಕೊಕ್ಕೆ ಹಾಕಬಹುದು. ತಂಬಿಗೆಯ ಬಾಯಿ ನಿಜಕ್ಕೂ ದುಂಡಗೇ ಇದೆಯಲ್ಲ? ಕಣ್ಣು ಮೊಟ್ಟೆಯಾಕಾರ ತೋರಿಸಿ ಮೋಸ ಮಾಡಿತು, ಬುದ್ಧಿ ಸರಿಯಾದುದನ್ನು ಹೇಳಿತು. ಹಾಗಾದರೆ ನೀವು ಹುಡುಗನಿಗೆ ಕಲಿಸುತ್ತಿರುವುದು ಭ್ರಮೆಯನ್ನೇ? ತತ್ವವಾದ ಇದಕ್ಕೆ ಕೊಡುವ ಉತ್ತರ ಸೂಕ್ಷ್ಮವಾದುದು. ತಿಳಿವು ತನ್ನಷ್ಟಕ್ಕೆ ಸತ್ಯ. ದೋಷ ಸೇರಿದರೆ ಮಾತ್ರ ಕೆಡುತ್ತದೆ. ಆ ದೋಷ ಇಂದ್ರಿಯದ್ದಿರಬಹುದು, ದೂರದ್ದಿರಬಹುದು, ಮಂದ ಬೆಳಕಿನದ್ದಿರಬಹುದು, ಅವಸರದ್ದೂ ಇರಬಹುದು. ಯಾವುದು ಗಟ್ಟಿ ತಿಳಿವು, ಯಾವುದು ಕೆಟ್ಟ ತಿಳಿವು ಎಂದು ಕೊನೆಗೆ ತೀರ್ಮಾನಿಸುವುದು ಪ್ರತಿ ಜೀವದಲ್ಲಿರುವ ಸಾಕ್ಷಿ. ಐದು ಇಂದ್ರಿಯಗಳಿಗೆ, ಮನಸ್ಸಿಗೆ ಮೇಲೆ ಏಳನೆಯದಾಗಿ ಮಧ್ವರು ಅದನ್ನು ಎಣಿಸುತ್ತಾರೆ. ಈ ಚೌಕಟ್ಟಿನಲ್ಲಿ ನೋಡಿದರೆ ಮೊಟ್ಟೆಯಾಕಾರ ಮೋಸವೇ ಅಲ್ಲ. ದುಂಡನೆಯ ಬಾಯಿ ಇಂಥ ಎತ್ತರದಿಂದ, ಇಷ್ಟು ದೂರದಿಂದ ಹೇಗೆ ಕಾಣಬೇಕೋ ಹಾಗೆಯೇ ಕಂಡಿದೆ. ಆ ಸಂಬಂಧ ನಿಜ, ಅಳೆಯಲು ಸಿಗುವಂಥದ್ದು. ಹುಡುಗನ ಸಾಕ್ಷಿಗೆ ಈಗ ಎರಡೂ ಸತ್ಯಗಳನ್ನು ಒಟ್ಟಿಗೆ ಹಿಡಿಯಬೇಕಾಗಿದೆ: ಬಾಯಿ ದುಂಡಗಿದೆ ಎಂಬುದು, ಇಲ್ಲಿಂದ ಹೀಗೆ ಕಾಣುತ್ತದೆ ಎಂಬುದು. ತಾನು ಎಲ್ಲಿ ಕೂತಿದ್ದೇನೆ ಎಂಬ ಅರಿವೂ ತಿಳಿವಿನ ಒಂದು ಭಾಗ ಎಂದು ಹದಿನಾಲ್ಕರ ಹುಡುಗನಿಗೆ ಬೇರೆ ಯಾವ ಪಾಠವೂ ಇಷ್ಟು ನೇರವಾಗಿ ಕಲಿಸಲಾರದು.

ಕಣ್ಣು ಕಂಡದ್ದು ಮಾತಿಗೆ ಸಿಗದ್ದನ್ನು ಉಳಿಸಿಕೊಡುತ್ತದೆ ಎಂಬುದಕ್ಕೆ ರಾಯಚೂರಿನ ಕೋಟೆಗೋಡೆಯೇ ಸಾಕ್ಷಿ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಕಟ್ಟಿದ ಆ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ; ಅದರ ಮೇಲಿನ ತೆಲುಗು ಶಾಸನದಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಹೆಸರಿದೆ. ಶಾಸನದ ಕೆಲಸ ಮುಗಿಯುವುದು ಒಡೆಯರ ಹೆಸರು, ಕಾಲ, ಕೀರ್ತಿಗೆ. ಅದೇ ಗೋಡೆಯಲ್ಲಿ ಕೊರೆದ ಚಿತ್ರವೊಂದು ಬೇರೆ ಸುದ್ದಿ ಹೇಳುತ್ತದೆ. ಉದ್ದನೆಯ ಕಲ್ಲನ್ನು ಹೇರಿದ ಬಂಡಿ, ಅದನ್ನೆಳೆಯುತ್ತಿರುವ ಕೋಣಗಳ ಸಾಲು, ಹುರಿದುಂಬಿಸುತ್ತಿರುವ ಆಳುಗಳು, ಹಿಂದೆ ಗಾಲಿಗಳ ಬುಡಕ್ಕೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಮಂದಿ. ಕಲ್ಲು ಗುಡ್ಡದಿಂದ ಕೋಟೆಗೆ ಬಂದದ್ದು ಯಾರ ಬೆನ್ನಿನ ಬಲದಿಂದ, ಯಾವ ಉಪಾಯದಿಂದ ಎಂಬುದು ಇಂದು ನಮಗೆ ಕಾಣುತ್ತಿರುವುದು ಆ ಚಿತ್ರದಿಂದ. ಬರೆಯಲು ಬಲ್ಲವರು ಒಡೆಯರನ್ನು ಬರೆದರು. ನೋಡಲು ಬಲ್ಲವನೊಬ್ಬ ಕೋಣಗಳನ್ನೂ ಕೂಲಿಯವರನ್ನೂ ಕೊರೆದ. ಗೋಡೆಯ ಈ ಎರಡು ದಾಖಲೆಗಳಲ್ಲಿ ಒಂದನ್ನಷ್ಟೇ ಓದಲು ಕಲಿಸಿ ಮಕ್ಕಳನ್ನು ಹೊರಗೆ ಕಳಿಸಿದರೆ ಅವರ ಇತಿಹಾಸದ ತಿಳಿವೂ ಅರ್ಧಕ್ಕೆ ನಿಲ್ಲುತ್ತದೆ.

ಚಿತ್ರದ ಮೇಲಿನ ಹಳೆಯ ಆಪಾದನೆಯೊಂದು ಗ್ರೀಸಿನಿಂದ ಬಂದದ್ದು. ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಪ್ಲೇಟೋ ಮಂಚದ ಉದಾಹರಣೆ ಕೊಡುತ್ತಾನೆ: ಮಂಚದ ಮೂಲ ಭಾವ ಒಂದು, ಬಡಗಿ ಮಾಡಿದ ಮಂಚ ಅದರ ನಕಲು, ಚಿತ್ರಕಾರ ಬರೆದದ್ದು ನಕಲಿನ ನಕಲು. ಆದ್ದರಿಂದ ಚಿತ್ರ ಸತ್ಯದಿಂದ ಬಲು ದೂರ, ಎಳೆಯರಿಗೆ ಅಪಾಯಕಾರಿ. ಬಿಂಬಕ್ಕಿಂತ ಪ್ರತಿಬಿಂಬ ಸುಳ್ಳು ಎಂಬ ನಂಬಿಕೆಯ ಮೇಲೆ ಈ ವಾದ ನಿಂತಿದೆ. ದಾಸರ ದರ್ಶನ ಆ ನಂಬಿಕೆಯನ್ನೇ ಒಪ್ಪುವುದಿಲ್ಲ. ಅವರಿಗೆ ಹರಿ ಬಿಂಬ, ಜೀವ ಪ್ರತಿಬಿಂಬ. ಆದರೂ ಜೀವ ಸುಳ್ಳಲ್ಲ, ಕನ್ನಡಿ ಒಡೆದರೆ ಅಳಿಯುವ ನೆರಳೂ ಅಲ್ಲ. ಪ್ರತಿಬಿಂಬವೆಂದರೆ ಬಿಂಬದ ಅಧೀನದಲ್ಲಿರುವುದು, ಅದನ್ನು ಕೆಲಮಟ್ಟಿಗೆ ಹೋಲುವುದು, ಅದರಿಂದ ಬೇರೆಯೂ ಆಗಿರುವುದು. ಅಧೀನವಾದದ್ದೆಲ್ಲ ಅಸತ್ಯ ಎಂದು ಹೇಳುವುದಾದರೆ ಭಕ್ತನೂ ಅಸತ್ಯ, ಭಕ್ತಿಯೂ ಅಸತ್ಯ. ದೇವರಿಗೂ ಜೀವಕ್ಕೂ ಇರುವ ಸಂಬಂಧವನ್ನು ತಂಬಿಗೆಗೂ ಅದರ ಚಿತ್ರಕ್ಕೂ ಹಾಗೇ ಅಂಟಿಸಲು ಬರುವುದಿಲ್ಲ, ನಿಜ. ತೆಗೆದುಕೊಳ್ಳಬೇಕಾದದ್ದು ತರ್ಕವನ್ನಷ್ಟೇ: ಇನ್ನೊಂದನ್ನು ನೆಮ್ಮಿರುವುದು, ಹೋಲುವುದು, ಬೇರೆಯಾಗಿರುವುದು, ಈ ಮೂರೂ ಸೇರಿದ ಮಾತ್ರಕ್ಕೆ ಯಾವುದೂ ಸುಳ್ಳಾಗುವುದಿಲ್ಲ. ಜನರಿಗೂ ಇದು ಗೊತ್ತು. ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಮನೆಯಲ್ಲಿ ಎರೆಮಣ್ಣಿನ ಎತ್ತು ಮಾಡಿ ಪೂಜಿಸುವವರು ಅದು ಮಣ್ಣೆಂದು ಮರೆತಿರುವುದಿಲ್ಲ. ಮಣ್ಣೆಂದು ಗೊತ್ತಿದ್ದೂ ಕೈಮುಗಿಯುವುದರಲ್ಲಿ ಅವರಿಗೆ ಗೊಂದಲವಿಲ್ಲ.

ಧರ್ಮದ ಕಡೆಯಿಂದ ಬರುವ ಇನ್ನೊಂದು ಆಕ್ಷೇಪ ಇದಕ್ಕಿಂತ ಹತ್ತಿರದ್ದು, ಹಗುರಾಗಿ ತಳ್ಳುವಂಥದ್ದೂ ಅಲ್ಲ. ರಾಯಚೂರಿನ ತರಗತಿಗಳಲ್ಲಿ ಮುಸ್ಲಿಂ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಮತ್ತು ಜೀವವಿರುವವುಗಳ ರೂಪ ಬರೆಯುವುದನ್ನು ಇಸ್ಲಾಮಿನ ಹಲವು ವಿದ್ವಾಂಸರು ಒಪ್ಪುವುದಿಲ್ಲ; ಸೃಷ್ಟಿಕರ್ತನ ಕೆಲಸಕ್ಕೆ ಮನುಷ್ಯ ಕೈಹಾಕಬಾರದು ಎಂಬುದು ಅದರ ಹಿಂದಿನ ವಿನಯ. ಆದರೆ ಅದೇ ಪರಂಪರೆಯಲ್ಲಿ, ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ಚಿತ್ರ ಬರೆದೇ ಬದುಕುತ್ತಿದ್ದವನೊಬ್ಬನಿಗೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆ ಎಂದು ದಾರಿ ತೋರಿಸಿದ ವರದಿಯಿದೆ. ಶಾಲೆಯ ಚಿತ್ರಕಲೆಯ ಬೆನ್ನೆಲುಬು ಇರುವುದೂ ಅಲ್ಲೇ: ಜ್ಯಾಮಿತಿ, ವಿನ್ಯಾಸ, ವಸ್ತು ಚಿತ್ರ, ಎಲೆ ಹೂ ಬಳ್ಳಿ. ಬಹಮನಿಗಳ ಕಾಲದಲ್ಲಿ, 1513ರಲ್ಲಿ, ಕಟ್ಟಿದ ಏಕ್ ಮಿನಾರ್ ಮಸೀದಿಯನ್ನು ನೋಡಿದರೆ ಪ್ರಾಣಿರೂಪವನ್ನು ಬಿಟ್ಟ ಕಣ್ಣು ಅಳತೆಯ ಕಡೆ ಎಷ್ಟು ಹರಿತವಾಯಿತು ಎಂಬುದು ತಿಳಿಯುತ್ತದೆ. ಒಂಟಿಯಾಗಿ ನಿಂತ ಆ ಮಿನಾರು ಮೇಲೇರಿದಂತೆ ಸಣ್ಣದಾಗುವ ಕ್ರಮವೇ ಒಂದು ರೇಖಾಗಣಿತದ ಪಾಠ. ಮುಂದೆ ರಾಯಚೂರು ಸೀಮೆಯನ್ನು ಆಳಿದ ಆದಿಲ್‌ಶಾಹಿಗಳಲ್ಲಿ ಎರಡನೆಯ ಇಬ್ರಾಹಿಂ ಚಿತ್ರಕಾರರಿಗೆ ಆಶ್ರಯ ಕೊಟ್ಟವನು. ಎಂದರೆ ಆಕ್ಷೇಪಕ್ಕೆ ಗೌರವ ಕೊಟ್ಟೂ ಪಾಠ ನಡೆಸಲು ಬೇಕಾದಷ್ಟು ಜಾಗವಿದೆ. ಶರಣರ ಆಕ್ಷೇಪವೂ ಇದೆಯಲ್ಲ ಎನ್ನಬಹುದು. ಕಲ್ಲು ಮಣ್ಣಿನ ದೇವರನ್ನು ಅವರು ಗೇಲಿ ಮಾಡಿದ್ದು ಹೌದು. ಗೇಲಿಯಾದದ್ದು ಮಾಡಿದ್ದನ್ನೇ ಪರಮವೆಂದು ನಂಬಿ ಬೀಳುವ ಕುರುಡು, ಮಾಡುವ ಕೈಯಲ್ಲ. ಇದೇ ಜಿಲ್ಲೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಮರಳಿ ಸುರಿದು ಬನ್ನಿ ಎಂದವಳು. ಕಂಡದ್ದಕ್ಕಿಂತ ಒಂದು ಗೆರೆಯೂ ಹೆಚ್ಚಾಗದಂತೆ ಬರೆಯುವ ಶಿಸ್ತು ಅಂಥವರ ಕಾಯಕಕ್ಕೆ ಪರಕೀಯವಾಗಲಾರದು.

ನಮ್ಮ ಕಲಾಶಾಸ್ತ್ರದ ಪಕ್ಷದವರು ಇನ್ನೊಂದು ದಿಕ್ಕಿನಿಂದ ಬರುತ್ತಾರೆ. ವಸ್ತುವನ್ನು ಎದುರಿಟ್ಟು ಬರೆಯುವುದು ಬ್ರಿಟಿಷರ ಕಲಾಶಾಲೆಗಳ ಪದ್ಧತಿ. 1850ರಲ್ಲಿ ಮದರಾಸು, 1857ರಲ್ಲಿ ಮುಂಬಯಿಯ ಶಾಲೆಗಳು ತೆರೆದ ಮೇಲೆ ಅದು ಹಬ್ಬಿತು. ನಮ್ಮ ಶಿಲ್ಪಿ ಧ್ಯಾನಶ್ಲೋಕದಿಂದ ಮೂರ್ತಿಯನ್ನು ಮನಸ್ಸಿನಲ್ಲಿ ಕಂಡು ಕೆತ್ತಿದವನು. ಶುಕ್ರನೀತಿ ದೇವರ ರೂಪಕ್ಕೆ ಕೊಡುವ ಶ್ರೇಯಸ್ಸನ್ನು ಮನುಷ್ಯರೂಪಕ್ಕೆ ಕೊಡುವುದಿಲ್ಲ. ಇತಿಹಾಸದ ಮಾತು ಸರಿಯಿದೆ, ಅದರಿಂದ ತೆಗೆದ ತೀರ್ಮಾನ ಸರಿಯಿಲ್ಲ. ಲಿಂಗಸೂಗೂರು ಸೀಮೆಯ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಬಿಡಿಸಿದ ಗೂಳಿಗಳಿಗೆ ಯಾವ ಧ್ಯಾನಶ್ಲೋಕವೂ ಇರಲಿಲ್ಲ. ದಿನವಿಡೀ ದನ ಕಾಯ್ದ ಕಣ್ಣು ಅವುಗಳನ್ನು ಬರೆಯಿತು. ಕೋಟೆಯ ಕೋಣಗಳೂ ಅಷ್ಟೇ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮೂರ್ತಿ ಮಾಡುವುದನ್ನು ಕಲಿಯಬಯಸಿದ ವಜ್ರರಾಜನನ್ನು ಮಾರ್ಕಂಡೇಯ ಮೊದಲು ಚಿತ್ರಕ್ಕೆ, ಅದಕ್ಕೂ ಮೊದಲು ನೃತ್ಯಕ್ಕೆ, ವಾದ್ಯಕ್ಕೆ, ಗೀತಕ್ಕೆ ಕಳಿಸುತ್ತಾನೆ. ನೃತ್ಯವೆಂದರೆ ಜೀವಂತ ದೇಹ ಹೇಗೆ ಬಾಗುತ್ತದೆ, ತೂಕ ಎಲ್ಲಿ ನಿಲ್ಲುತ್ತದೆ ಎಂಬ ತಿಳಿವು. ಧ್ಯಾನದಲ್ಲಿ ಕಾಣಬೇಕಾದವನಿಗೂ ಲೋಕವನ್ನು ಕಂಡ ಕಣ್ಣು ಬೇಕು.

ಈ ಎಲ್ಲ ವಾದಕ್ಕೆ ನಿಜವಾಗಿ ಪೆಟ್ಟು ಕೊಡುವ ಆಕ್ಷೇಪ ತತ್ವದಿಂದ ಬರುವುದಿಲ್ಲ, ತರಗತಿಯಿಂದಲೇ ಬರುತ್ತದೆ. ಚಿತ್ರಕಲೆಯ ಹೆಸರಿನಲ್ಲಿ ಅಲ್ಲಿ ಹೆಚ್ಚಾಗಿ ನಡೆಯುವುದು ನಕಲು: ಬೋರ್ಡಿನ ಮೇಲೆ ಮಾಸ್ತರು ಬರೆದ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ, ಒಂದು ಹೊಳೆ. ರಾಯಚೂರಿನ ಬಿಸಿಲಲ್ಲಿ, ಹತ್ತಿ ಭತ್ತದ ಹೊಲಗಳ ನಡುವೆ ಕೂತ ಮಗು ತಾನೆಂದೂ ನೋಡದ ಆ ತೆಂಗಿನಮರವನ್ನು ಬರೆದು ಶಭಾಷ್ ಅನ್ನಿಸಿಕೊಳ್ಳುತ್ತದೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೂ ಕೆಲವರು ಚಿತ್ರಗಳನ್ನು ಬಾಯಿಪಾಠದಂತೆ ಕೈಪಾಠ ಮಾಡಿಸುತ್ತಾರೆ. ಇದನ್ನು ಒಪ್ಪಲೇಬೇಕು, ಮತ್ತು ಒಪ್ಪಿದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ನಕಲು ಚಿತ್ರ ಬೋರ್ಡಿನ ಆಗಮ; ಅಲ್ಲಿ ಪ್ರತ್ಯಕ್ಷಕ್ಕೆ ಪ್ರವೇಶವೇ ಸಿಕ್ಕಿಲ್ಲ. ಮೊಬೈಲ್ ಒಂದೇ ಒತ್ತಿಗೆ ತಂಬಿಗೆಯನ್ನು ಹಿಡಿದುಕೊಡುವಾಗ ಅರ್ಧ ಗಂಟೆ ಪೆನ್ಸಿಲ್ ತಿಕ್ಕುವುದೇಕೆ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ. ಫೋಟೊ ಬಂದರೆ ಚಿತ್ರ ಸಿಕ್ಕಿತು, ನೋಟ ಸಿಗಲಿಲ್ಲ. ಪಾಠದ ಫಲ ಹಾಳೆಯ ಮೇಲೆ ಉಳಿದದ್ದಲ್ಲ. ಆ ಅರ್ಧ ಗಂಟೆ ಕಣ್ಣು ಮಾಡಿದ ಕೆಲಸ.

ಇನ್ನು ಹೊಟ್ಟೆಯ ಪ್ರಶ್ನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ನ್ನೂ ಮುಟ್ಟಿರಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ತಪ್ಪಿಸುವ, ಅಪ್ಪ ಅವ್ವನ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಬರುವ ಮಗುವಿಗೆ ಮೊದಲು ಪಾಸಾಗುವಷ್ಟು ಇಂಗ್ಲಿಷು ಗಣಿತ ಕೊಡಿ, ಚಿತ್ರ ಆಮೇಲೆ ನೋಡೋಣ ಎನ್ನುವವರಲ್ಲಿ ಕಾಳಜಿಯಿದೆ. ಅವರಿಗೆ ಅನಿಮೇಷನ್ ಉದ್ಯೋಗದ ಆಸೆ ತೋರಿಸಿ ಉತ್ತರ ಕೊಡುವುದು ಸರಿಯಲ್ಲ. ನೂರರಲ್ಲಿ ಒಬ್ಬರಿಗೆ ಸಿಗಬಹುದಾದುದನ್ನು ನೂರು ಜನಕ್ಕೆ ಕಾರಣವಾಗಿ ಹೇಳಿದಂತಾಗುತ್ತದೆ. ಜಾನ್ ರಸ್ಕಿನ್ 1850ರ ದಶಕದಲ್ಲಿ ಲಂಡನ್ನಿನ ಕೂಲಿಕಾರರ ಕಾಲೇಜಿನಲ್ಲಿ ಸಂಜೆ ಹೊತ್ತು ಚಿತ್ರ ಕಲಿಸಿದಾಗ ಬಡಗಿಗಳನ್ನು ಕಲಾವಿದರಾಗಿ ಮಾಡುವ ಉದ್ದೇಶ ಅವನಿಗಿರಲಿಲ್ಲ. ಅವರು ಇನ್ನಷ್ಟು ಚೆನ್ನಾಗಿ ನೋಡುವ ಮನುಷ್ಯರಾಗಲಿ ಎಂಬುದಷ್ಟೇ ಬಯಕೆ. ನಮ್ಮ ಕೂಲಿಯವರ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಹತ್ತಿಯ ಕಾಯಿ ಒಡೆಯುವ ಹದ, ಎರೆಭೂಮಿಯ ತೇವ, ದನದ ನಡಿಗೆಯಲ್ಲಿನ ಕುಂಟು, ಇವನ್ನು ಗುರುತಿಸುವ ಕಣ್ಣು ಅವರಿಗೆ ಶಾಲೆಗೆ ಬರುವ ಮೊದಲೇ ಇರುತ್ತದೆ. ಹಾಗೆಂದು ಅವರ ಬಡತನವನ್ನು ಹೊಗಳಬೇಕಿಲ್ಲ. ಆ ಕಣ್ಣು ಬಂದದ್ದು ದುಡಿಮೆಯ ಒತ್ತಾಯದಿಂದ. ಆದರೆ ಶಾಲೆ ಅದನ್ನು ತಿಳಿವೆಂದು ಎಣಿಸುವುದೇ ಇಲ್ಲ, ಮಗುವೂ ತನಗೇನೂ ಗೊತ್ತಿಲ್ಲವೆಂದು ನಂಬಿಬಿಡುತ್ತದೆ. ಒಡೆದ ಹತ್ತಿಕಾಯಿಯನ್ನು ಮೇಜಿನ ಮೇಲಿಟ್ಟು ಬರೆಯಲು ಹೇಳಿದ ದಿನ, ಸದಾ ಹಿಂದಿನ ಬೆಂಚಿನಲ್ಲಿ ಕೂರುವ ಮಗುವಿಗೆ ತರಗತಿಯಲ್ಲಿ ಮೊದಲ ಬಾರಿ ಅಧಿಕಾರದಿಂದ ಮಾತಾಡುವ ವಿಷಯ ಸಿಗುತ್ತದೆ.

ಫ್ರೆಂಚ್ ಚಿಂತಕಿ ಸಿಮೋನ್ ವೇಲ್ 1942ರಲ್ಲಿ ಶಾಲಾಪಾಠಗಳ ಬಗ್ಗೆ ಬರೆಯುತ್ತ, ಅವುಗಳ ನಿಜವಾದ ಫಲ ಗಮನಕೊಡುವ ಶಕ್ತಿ, ಪ್ರಾರ್ಥನೆ ಆಗಿರುವುದೂ ಅದರಿಂದಲೇ, ಪಕ್ಕದವನ ನೋವನ್ನು ಕಾಣಲು ಬೇಕಾದದ್ದೂ ಅದೇ ಎಂದಳು. ಆಕೆ ತೆಗೆದುಕೊಂಡ ಉದಾಹರಣೆ ರೇಖಾಗಣಿತ. ಚಿತ್ರಕ್ಕೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮಧ್ವರ ಪಂಚಭೇದಗಳಲ್ಲಿ ಜಡ ಜಡಕ್ಕಿರುವ ಭೇದ, ಜೀವ ಜೀವಕ್ಕಿರುವ ಭೇದಗಳೂ ಸೇರಿವೆ: ಒಂದು ಬೇವಿನೆಲೆ ಇನ್ನೊಂದರಂತಿಲ್ಲ, ಒಬ್ಬ ಮನುಷ್ಯ ಇನ್ನೊಬ್ಬನಲ್ಲ, ಮತ್ತು ಈ ಬೇರೆತನ ವಸ್ತುವಿನ ಸ್ವರೂಪವೇ. ಇದೇ ದರ್ಶನ ಜೀವಗಳಲ್ಲಿ ತಾರತಮ್ಯವನ್ನೂ ಹೇಳುತ್ತದಲ್ಲ, ಅದನ್ನು ತಂದು ಸಮಾನತೆಯ ತರಗತಿಗೆ ಇಡುವುದು ನ್ಯಾಯವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ತಾರತಮ್ಯವನ್ನು ಅದು ಹೇಳುವುದು ಆಗಮದ ಬಲದಿಂದ. ಯಾರ ಕಣ್ಣಿಗೂ ಅದು ಕಂಡದ್ದಿಲ್ಲ. ಪ್ರತ್ಯಕ್ಷವೇ ಉಪಜೀವ್ಯ ಎಂಬ ಅದರದೇ ನಿಯಮವನ್ನು ಹಿಡಿದು ನಿಂತವನಿಗೆ ಕಾಣುವುದು ಮುಖ, ಮುಖದ ಮೇಲಿನ ಬೆಳಕು, ಹುಬ್ಬಿನ ಬಾಗು, ಜಾತಿ ಕಾಣುವುದಿಲ್ಲ. ನಮ್ಮ ಮಕ್ಕಳು ಪಕ್ಕದ ಬೆಂಚಿನವರನ್ನು ನೋಡುವ ಮೊದಲೇ ಕೇಳಿರುತ್ತಾರೆ: ಯಾವ ಓಣಿ, ಯಾವ ಕುಲ, ಯಾವ ಧರ್ಮ. ಎದುರು ಕೂತ ಸಹಪಾಠಿಯ ಮುಖವನ್ನು, ಅದು ಬೇಡವೆನ್ನುವವರು ಬಾಗಿಲ ಹೊರಗೆ ಅವನು ಬಿಟ್ಟ ಚಪ್ಪಲಿಯನ್ನು, ನಲವತ್ತು ನಿಮಿಷ ನೋಡಿ ಬರೆಯಲೇಬೇಕಾದರೆ ಆ ಕೇಳಿದ ಮಾತುಗಳಿಗೆ ಹಾಳೆಯ ಮೇಲೆ ಇಡಲು ಜಾಗ ಸಿಗುವುದಿಲ್ಲ. ಒಂದು ಪಿರಿಯಡ್ಡಿನಿಂದ ಓಣಿಯ ಭೇದ ಅಳಿಯುತ್ತದೆ ಎಂದು ಯಾರೂ ಹೇಳಬೇಕಿಲ್ಲ. ಕೇಳಿದ್ದು ಬೇರೆ, ಕಂಡದ್ದು ಬೇರೆ ಎಂಬ ವಿವೇಕ ಬಂದರೆ ಸಾಕು, ಅದು ಮುಂದಿನ ಎಲ್ಲ ವಿವೇಕಕ್ಕೂ ಬೇಕಾದ ಮೊದಲ ಹೆಜ್ಜೆ.

ಇದಕ್ಕಾಗಿ ಚಿತ್ರಕಲೆಯನ್ನು 625ರೊಳಗೆ ತುರುಕಬೇಕಾಗಿಲ್ಲ. ತುರುಕಿದರೆ ಅದಕ್ಕೂ ಗೈಡು ಬರುತ್ತದೆ, ತೆಂಗಿನಮರಕ್ಕೆ ಐದು ಅಂಕ ಸೂರ್ಯನಿಗೆ ಎರಡು ಎಂದು ಹಂಚಿಕೆಯಾಗುತ್ತದೆ. ಬೇಕಾದದ್ದು ಮೂರು: ವಾರದ ಆ ಹೊತ್ತನ್ನು ಪರೀಕ್ಷೆಯ ತಿಂಗಳಲ್ಲೂ ಮುಟ್ಟದಿರುವುದು, ಬೋರ್ಡಿನ ಬದಲು ಮೇಜಿನ ಮೇಲೆ ಒಂದು ನಿಜವಾದ ವಸ್ತು ಇಡುವುದು, ಬರೆದು ಮುಗಿಸಿದವರಿಗೆ ಚಂದವಿದೆಯೇ ಎಂದು ಕೇಳದೆ ಮೊದಲು ಗೊತ್ತಿಲ್ಲದ್ದು ಏನು ಕಂಡಿತು ಎಂದು ಕೇಳುವುದು. ಬಣ್ಣದ ಡಬ್ಬಿಯಿಲ್ಲದ ಶಾಲೆಯಲ್ಲೂ ಇದನ್ನು ನಾಳೆಯಿಂದ ಮಾಡಬಹುದು. ಮಾಡದಿರಲು ಹಣದ ಕೊರತೆ ಕಾರಣವಲ್ಲ. ಕಣ್ಣು ಕೊಡುವ ತಿಳಿವನ್ನು ನಾವು ತಿಳಿವೆಂದು ನಂಬುವುದನ್ನೇ ಬಿಟ್ಟಿದ್ದೇವೆ, ಮತ್ತು ಪ್ರತ್ಯಕ್ಷವನ್ನು ನಂಬದ ಶಿಕ್ಷಣಕ್ಕೆ ಹೇಳಿದ್ದನ್ನು ನಂಬುವ ಜನರನ್ನಷ್ಟೇ ತಯಾರಿಸಲು ಸಾಧ್ಯ.